ಒಂದು ಚದರ ಷೀಟ್ ಮನೆ

ಪೂರ್ವಕ್ಕೆ ಹದಿನೈದು ಅಡಿ ರಸ್ತೆ, ಪಶ್ಚಿಮಕ್ಕೆ ಬೇರೆಯವರ ಸ್ವತ್ತು, ಉತ್ತರಕ್ಕೆ ಓಣಿ ಎಂದು ಟೈಪ್ ಮಾಡಿ ದಕ್ಷಿಣಕ್ಕೆ ಬರುವಷ್ಟರಲ್ಲಿ ಕರೆಂಟು ಹೋಗಿ ಬಂತು. ಯುಪಿಎಸ್ ಒಮ್ಮೆ ಕೂಗಿ ಸುಮ್ಮನಾಯಿತು. ಶೋಭಾರಾಣಿ ಅಭ್ಯಾಸದಂತೆ ಎರಡು ಸಲ ಸೇವ್ ಒತ್ತಿ, ದಕ್ಷಿಣಕ್ಕೆ ಸರ್ಕಾರಿ ಚರಂಡಿ ಎಂದು ಚಕ್ಕುಬಂದಿ ಮುಗಿಸಿದಳು.

ಅದರ ಮುಂದಿನ ಪ್ಯಾರಾವನ್ನು ಅವಳು ಟೈಪ್ ಮಾಡುವುದಿಲ್ಲ. ಅದು ಬೇರೆ ಫೈಲಿನಲ್ಲಿ ಸಿದ್ಧವಾಗಿದೆ, ತೆಗೆದು ಅಂಟಿಸಿದರಾಯಿತು. 'ಸದರಿ ಸ್ವತ್ತಿನಲ್ಲಿ ಒಂದು ಚದರ ಷೀಟ್ ಮಾಳಿಗೆಯ ಮನೆ ಇದ್ದು, ರೆಡ್ ಆಕ್ಸೈಡ್ ನೆಲ, ಜಂಗಲ್ ಮರದ ಬಾಗಿಲು ಕಿಟಕಿ ಹಾಗೂ ವಿದ್ಯುತ್ ಸೌಕರ್ಯ ಹೊಂದಿರುತ್ತದೆ.' ಒಂದು ಚದರವೆಂದರೆ ಹತ್ತಡಿಗೆ ಹತ್ತಡಿ. ಎರಡು ಅಂತಸ್ತಿದ್ದರೂ ಇದೇ ಪ್ಯಾರಾ, ನಾಲ್ಕು ಅಂತಸ್ತಿನ ಕಟ್ಟಡವಿದ್ದರೂ ಇದೇ. ಕಟ್ಟಡ ಚಿಕ್ಕದೆಂದು ಬರೆದಷ್ಟೂ ಬೆಲೆ ಕಡಿಮೆ, ಕಟ್ಟುವ ಶುಲ್ಕವೂ ಕಡಿಮೆ. ನೋಂದಣಿ ಕಚೇರಿಯ ಎದುರಿನ ಈ ಬೀದಿಯಲ್ಲಿ ಪತ್ರ ಬರೆಯುವ ಅಂಗಡಿಗಳು ಹನ್ನೊಂದು. ಹನ್ನೊಂದರಲ್ಲೂ ಈ ಪ್ಯಾರಾ ಇದೆ. ಮೊದಲು ಬರೆದವರು ಯಾರೋ ಯಾರಿಗೂ ಗೊತ್ತಿಲ್ಲ.

ಇವತ್ತಿನ ಕ್ರಯಪತ್ರ ಅವಳ ಗಂಡನ ದೊಡ್ಡಪ್ಪನ ಮಗ ಚಿಕ್ಕಬೈರಪ್ಪನದು. ಸಿಂಗಸಂದ್ರದಲ್ಲಿ ಅವನದೊಂದು ನಾಲ್ಕು ಅಂತಸ್ತಿನ ಪಿಜಿ ಇದೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ಹುಡುಗಿಯರು ಕೋಣೆಗೆ ಮೂವರಂತೆ ಇದ್ದಾರೆ. ಅದನ್ನು ಕೃಷ್ಣಸ್ವಾಮಿ ಎಂಬ ನಿವೃತ್ತ ಎಂಜಿನಿಯರಿಗೆ ಮಾರುತ್ತಿದ್ದಾನೆ. ಮೂವತ್ತು ವರ್ಷದ ಹಿಂದೆ ಅದೇ ಜಾಗದಲ್ಲಿ ಚಿಕ್ಕಬೈರಪ್ಪನ ತಾಯಿ ಎಮ್ಮೆ ಕಟ್ಟುತ್ತಿದ್ದ ಷೀಟಿನ ಮನೆ ಇತ್ತು. ಖಾತೆಯ ದಾಖಲೆಯಲ್ಲಿ ಆ ಮನೆ ಇನ್ನೂ ನಿಂತೇ ಇತ್ತು. ಹಾಗಾಗಿ ಪ್ಯಾರಾ ಪೂರ್ತಿ ಸುಳ್ಳೂ ಅಲ್ಲ ಎಂದು ಶೋಭಾರಾಣಿ ತನಗೆ ತಾನೇ ಹೇಳಿಕೊಳ್ಳುವುದಿತ್ತು.

"ಅಕ್ಕ, ಕೈ ಬಿಡುವಾಗೈತಾ?"

ಸಿದ್ದಕ್ಕ ಫ್ಲಾಸ್ಕು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬೆಳಿಗ್ಗೆ ಈ ಬೀದಿಯ ಅಂಗಡಿಗಳ ಕಸ ಗುಡಿಸಿ, ಹತ್ತು ಗಂಟೆಯಿಂದ ಟೀ ಮಾರುವವಳು. ಮೊದಲು ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಿದ್ದಳು. ಕಣ್ಣು ಮಂಜಾದ ಮೇಲೆ ಬಿಟ್ಟಳು.

"ಬಾ. ಅರ್ಧ ಲೋಟ ಸಾಕು, ಹೊಟ್ಟೆ ಉರೀತಿದೆ."

"ಊಟ ಮಾಡ್ದಲೆ ಟೀ ಕುಡುದ್ರೆ ಉರೀದೆ ಇನ್ನೇನು." ಸಿದ್ದಕ್ಕ ಟೀ ಬಗ್ಗಿಸಿ, ಸೊಂಟದಿಂದ ಮಡಚಿದ ಹಾಳೆಯೊಂದನ್ನು ತೆಗೆದು ಕೀಬೋರ್ಡಿನ ಪಕ್ಕ ಇಟ್ಟಳು. "ಇದು ಮನೆ ಕಾಗ್ದ. ಆಪೀಸ್ ಬೋರ್ಡಿಗೆ ಅಂಟ್ಸವ್ರಂತೆ, ನನ್ ಮಗ್ಳು ಮಾಲಾ ಪೋಟೋ ಹೊಡ್ಕೊಂಡು ಪ್ರಿಂಟು ತೆಗ್ಸವ್ಳೆ. ಶೋಭಾ ಆಂಟಿ ಹತ್ರಾನೇ ಓದಿಸ್ಕೊ ಅಂದ್ಲು."

"ಅವಳಿಗೇ ಓದೋಕ್ಕೆ ಬರುತ್ತಲ್ಲ."

"ಅವ್ಳು ಓದಿದ್ರೆ ನಂಗೆಲ್ಲಿ ತಿಳೀತದೆ. ಬಸ್ಸಿಗೆ ಓಡೋಳಂಗೆ ಓದ್ತಾಳೆ. ನೀವಾದ್ರೆ ಪೂರ್ತಿ ಓದ್ತೀರ."

ಅದು ನಿಜ. ಹನ್ನೊಂದು ಅಂಗಡಿಗಳಲ್ಲಿ ಹೆಂಗಸಿನದು ಇದೊಂದೇ. ಸಹಿ ಹಾಕಲು ಬಂದ ಹೆಂಗಸರನ್ನು ಕೂರಿಸಿ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳುವುದು ಶೋಭಾರಾಣಿ ಹತ್ತೊಂಬತ್ತು ವರ್ಷದಿಂದ ಇಟ್ಟುಕೊಂಡು ಬಂದ ಪದ್ಧತಿ. ಅಣ್ಣತಮ್ಮಂದಿರು ಆತುರಪಟ್ಟರೂ ಬಿಡುವುದಿಲ್ಲ. 'ಶೋಭಕ್ಕ ಪೂರ್ತಿ ಓದ್ತಾರೆ' ಎಂದು ಹುಡುಕಿಕೊಂಡು ಬರುವವರಿದ್ದರು. ಅವಳಿಗೆ ತನ್ನ ಬಗ್ಗೆ ಹೆಮ್ಮೆ ಅಂತ ಇದ್ದದ್ದು ಅದೊಂದೇ ವಿಷಯದಲ್ಲಿ.

ಹಾಳೆ ಬಿಡಿಸಿದಳು. ವಸತಿ ನಿಧಿಯ ಪ್ರಕಟಣೆ. ಮೂರು ವರ್ಷದ ಹಿಂದೆ ನೋಂದಣಿಯ ರಸೀದಿಯಲ್ಲಿ ಹೊಸ ಸಾಲೊಂದು ಸೇರಿಕೊಂಡಿತ್ತು. ಮನೆಯಾಗಲಿ ಸೈಟಾಗಲಿ ಪತ್ರ ನೋಂದಾಯಿಸುವವರು ಅದರ ಬೆಲೆಯ ನೂರಕ್ಕೆ ಅರ್ಧ ರೂಪಾಯಿಯನ್ನು ಈ ನಿಧಿಗೆ ಕಟ್ಟಬೇಕು. ಯಾವ ಭಾಗದಲ್ಲಿ ಕಟ್ಟಿದರೋ ಆ ಭಾಗದಲ್ಲೇ ಬಾಡಿಗೆ ಕೋಣೆಗಳಲ್ಲಿರುವ ಕೆಲಸದವರಿಗೆ ಆ ಹಣದಿಂದ ಮನೆ. ಬೀದಿಯಲ್ಲಿ ಅದನ್ನು ಅರ್ಧ ರೂಪಾಯಿ ಎಂದೇ ಕರೆಯುತ್ತಿದ್ದರು. 'ನಿಂದೆಷ್ಟು ಬಂತು ಅರ್ಧ ರೂಪಾಯಿ?' ಎಂದು ಒಬ್ಬರನ್ನೊಬ್ಬರು ಕೇಳಿ, ಉಳಿಸಿದ್ದನ್ನು ಹೇಳಿಕೊಂಡು ನಗುತ್ತಿದ್ದರು. ಸಿದ್ದಕ್ಕನಿಗೆ ಅರ್ಜಿ ಬರೆದುಕೊಟ್ಟವಳು ಶೋಭಾರಾಣಿಯೇ. ತೊಂಬತ್ತಾರು ಮನೆಗಳ ಪಟ್ಟಿಯಲ್ಲಿ ಅವಳದು ಅರವತ್ತೊಂದನೆಯ ಹೆಸರು. ಆ ದಿನ ಇಡೀ ಬೀದಿಗೆ ಸಿದ್ದಕ್ಕ ಕಾಸು ತಗೊಳ್ಳದೆ ಟೀ ಕೊಟ್ಟಿದ್ದಳು.

ಶೋಭಾರಾಣಿ ಓದತೊಡಗಿದಳು. "ಮೊದಲ ಹಂತದಲ್ಲಿ ನಿಗದಿಯಾಗಿದ್ದ ತೊಂಬತ್ತಾರು ಮನೆಗಳ ಬದಲಿಗೆ ನಲವತ್ತು ಮನೆಗಳನ್ನು ಮಾತ್ರ ಕೈಗೆತ್ತಿಕೊಳ್ಳಲಾಗುವುದು."

"ನಲವತ್ತೇಯಾ?"

"ಇರು. ನಲವತ್ತರ ನಂತರದ ಕ್ರಮಸಂಖ್ಯೆಯ ಅರ್ಜಿದಾರರು ಮುಂದಿನ ಪ್ರಕಟಣೆಯವರೆಗೆ ಕಾಯತಕ್ಕದ್ದು."

ಮುಂದಿನ ಸಾಲಿಗೆ ಅವಳ ಕಣ್ಣು ಆಗಲೇ ಹೋಗಿತ್ತು. 'ಈ ಭಾಗದಲ್ಲಿ ನೋಂದಣಿಯಾದ ಸ್ವತ್ತುಗಳಲ್ಲಿ ಹೆಚ್ಚಿನವು ಷೀಟ್ ಮಾಳಿಗೆಯ ಮನೆಗಳೆಂದು ದಾಖಲಾಗಿರುವುದರಿಂದ ನಿಧಿಗೆ ನಿರೀಕ್ಷಿತ ಮೊತ್ತ ಸಂಗ್ರಹವಾಗಿರುವುದಿಲ್ಲ.' ಕಂಪ್ಯೂಟರಿನ ಪರದೆಯ ಮೇಲೆ ಈಗಷ್ಟೇ ಅಂಟಿಸಿದ ಪ್ಯಾರಾ ನೀಲಿ ಬಣ್ಣದಲ್ಲಿ ಆಯ್ಕೆಯಾಗಿಯೇ ಇತ್ತು.

"ಅಷ್ಟೇ," ಅಂದಳು ಶೋಭಾರಾಣಿ. "ಕೆಳಗೆ ಅಧಿಕಾರಿ ಸಹಿ ಇದೆ."

"ಯಾಕೆ ಅಂತ ಬರ್ದಿಲ್ವಾ?"

"ದುಡ್ಡು ಸಾಲದು ಅಂತ ಇದೆ."

ಸಿದ್ದಕ್ಕ ಹಾಳೆಯನ್ನು ತೆಗೆದುಕೊಂಡು ಮೊದಲಿದ್ದ ಮಡಿಕೆಗಳಲ್ಲೇ ಮಡಚಿದಳು. "ಎಲ್ಲಿಂದ ಸಾಲ್ತದೆ ಪಾಪ. ಎಷ್ಟು ಜನಕ್ಕೆ ಅಂತ ಕೊಡ್ತಾರೆ." ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ನಿಮ್ ಭಾವನೋರ ಪತ್ರ ಇವತ್ತೇ ಅಲ್ವಾ? ಸಾಕ್ಸಿಗೆ ನಾನೇ ಬರ್ಲಾ?" ಎಂದು ಕೇಳಿದಳು.

ಪ್ರತಿ ಪತ್ರಕ್ಕೂ ಇಬ್ಬರು ಸಾಕ್ಷಿ ಬೇಕು. ಪಾರ್ಟಿಯವರು ಯಾರನ್ನೂ ಕರೆತರದಿದ್ದರೆ ಬೀದಿಯಲ್ಲಿ ಇರುವವರೇ ಸಹಿ ಹಾಕುತ್ತಾರೆ, ಸಹಿಗೆ ನೂರು ರೂಪಾಯಿ. ಗಂಡಸರಷ್ಟೇ ಮಾಡುತ್ತಿದ್ದ ಆ ಕೆಲಸಕ್ಕೆ ಸಿದ್ದಕ್ಕನನ್ನು ಸೇರಿಸಿದವಳು ಶೋಭಾರಾಣಿ. ಹಾಳಾದ ಛಾಪಾ ಕಾಗದಗಳ ಹಿಂದೆ ಒಂದು ತಿಂಗಳು ಬರೆಸಿ ಸಹಿ ಕಲಿಸಿದ್ದಳು. 'ದ್ದ' ಒತ್ತಕ್ಷರವೇ ಕಷ್ಟವಾಗಿತ್ತು ಅವಳಿಗೆ, ಅದನ್ನು ಬಟ್ಟೆಯ ಕಾಜಿನ ಹಾಗೆ ಹೊಲಿದುಬಿಡು ಎಂದ ಮೇಲೆ ಬಂತು. ಈ ಎರಡು ವರ್ಷದಲ್ಲಿ ಇನ್ನೂರಾದರೂ ಪತ್ರಗಳಿಗೆ ಸಿದ್ದಕ್ಕ ಸಾಕ್ಷಿ.

ಬೇಡ ಎನ್ನಬಹುದಿತ್ತು. ಬೇಡ ಎಂದರೆ ನೂರು ರೂಪಾಯಿ ತಪ್ಪುತ್ತದೆ, ಅದೂ ಮನೆ ಇಲ್ಲವೆಂದು ಗೊತ್ತಾದ ದಿನವೇ. ಹೀಗೆ ಯೋಚಿಸಿದ್ದೇ ಅವಳಿಗೆ ಅನುಕೂಲವಾಯಿತು.

"ಮೂರು ಗಂಟೆಗೆ ಬಾ," ಅಂದಳು.

* * *

ಚಿಕ್ಕಬೈರಪ್ಪ ಎರಡೂವರೆಗೇ ಬಂದ. ಬಿಳಿ ಪ್ಯಾಂಟು, ಬಿಳಿ ಷರಟು, ಕೈಯಲ್ಲಿ ಎರಡು ಫೋನು. ಹಿಂದೆ ಕೃಷ್ಣಸ್ವಾಮಿ ಪ್ಲಾಸ್ಟಿಕ್ ಫೈಲನ್ನು ಎದೆಗವಚಿಕೊಂಡು ಬಂದು, ಕುರ್ಚಿಯ ತುದಿಯಲ್ಲಿ ಕೂತರು. ಮೂವತ್ತೆಂಟು ವರ್ಷ ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು, ಹಳೆಯ ಮನೆಯನ್ನೂ ಮಾರಿ, ಪಿಜಿಯ ಬಾಡಿಗೆಯಲ್ಲಿ ಬದುಕಲು ಹೊರಟವರು.

"ಏನಮ್ಮ ಶೋಭಾ, ನನ್ ಅರಮನೇನ ಗುಡಿಸ್ಲು ಮಾಡಿದ್ಯೇನು?" ಚಿಕ್ಕಬೈರಪ್ಪ ಪತ್ರದ ಹಾಳೆಗಳನ್ನು ಮಗುಚಿದ. "ಇದ್ಯಾವ ಬಾಗ್ಲು, ಜಂಗಲ್ ಮರ? ತೇಗದ್ದು ಆಕ್ಸಿವ್ನಿ ಕಣಮ್ಮ, ಎಲ್ಲ ಬಾಗ್ಲೂ."

"ತೇಗ ಅಂತ ಬರೀಲಾ ಭಾವ?"

"ಅಯ್ಯೋ ಬ್ಯಾಡ ತಾಯಿ. ಬಿದಿರ್ದು ಅಂತ ಬರಿ ಬೇಕಾರೆ."

ಕೃಷ್ಣಸ್ವಾಮಿ ನಗಲಿಲ್ಲ. "ಮೇಡಂ, ಇದರಿಂದ ಮುಂದೆ ತೊಂದರೆ ಏನೂ ಇಲ್ವಲ್ಲ? ನಾನು ಸರ್ವೀಸಲ್ಲಿ ಒಂದು ಮೆಮೋ ಕೂಡ ತಗೊಂಡವನಲ್ಲ."

"ಎಲ್ರೂ ಹೀಗೇ ಬರೆಸ್ತಾರೆ ಸಾರ್."

"ಅಲ್ಲ, ಈ ವಸತಿ ನಿಧಿ ಅಂತ ಒಂದು ಇದೆಯಲ್ಲ. ಅದು ಒಳ್ಳೇ ಉದ್ದೇಶವೇ. ಅದಷ್ಟನ್ನಾದರೂ ಸರಿಯಾಗಿ ಕಟ್ಟೋಣ ಅಂತ ಮನೇಲಿ ಊರ್ಮಿಳಾ ಹೇಳ್ತಿದ್ಲು."

"ಅದೊಂದ್ಕೇ ಸರಿಯಾಗಿ ಕಟ್ಟಕ್ಕಾಗಲ್ಲ ಸ್ವಾಮಿ," ಚಿಕ್ಕಬೈರಪ್ಪ ಹೇಳಿದ. "ಬೆಲೆ ಒಂದೇ. ಅಲ್ಲಿ ಏರ್ಸಿದ್ರೆ ಎಲ್ಲ ಕಡೆ ಏರ್ತದೆ. ನಿಮ್ಮನೆಯೋರ್ಗೆ ಯೋಳಿ, ಬಡುವ್ರಿಗೆ ಬೇಕಾರೆ ಕೈಯಾರೆ ಕೊಡ್ಲಿ, ಪುಣ್ಯ ಬರ್ತದೆ. ಸರ್ಕಾರದ ಕೈಗ್ ಕೊಟ್ರೆ ಬರೀ ರಸೀದಿ ಬರ್ತದೆ."

ಕೃಷ್ಣಸ್ವಾಮಿ ಫೈಲನ್ನು ಸ್ವಲ್ಪ ಸಡಿಲಿಸಿದರು. ಅವರಿಗೆ ಒಬ್ಬರು ಹೀಗೆ ಹೇಳುವುದು ಬೇಕಿತ್ತು ಎನ್ನುವುದು ಶೋಭಾರಾಣಿಗೆ ತಿಳಿಯಿತು. ತನ್ನ ಗಂಡ ಗೋಪಾಲಪ್ಪ ಎರಡು ವರ್ಷದ ಹಿಂದೆ ಇಂಥದೇ ಮಾತು ಆಡಿದಾಗ ತನಗೂ ಹೀಗೇ ಹಗುರವಾಗಿತ್ತು.

ಮೂರು ಗಂಟೆಗೆ ಸಿದ್ದಕ್ಕ ಮುಖ ತೊಳೆದು, ತಲೆ ಬಾಚಿ, ಸೆರಗು ಹೊದ್ದು ಬಂದಳು. ಸಾಕ್ಷಿಗೆ ಹೋಗುವಾಗಲೆಲ್ಲ ಹಾಗೇ ಬರುತ್ತಿದ್ದಳು. ಕಡೆಯ ಹಾಳೆಯಲ್ಲಿ ನಿಧಾನವಾಗಿ ಸಹಿ ಹಾಕಿದಳು. 'ದ್ದ'ವನ್ನು ಹೊಲಿದಳು. ಎರಡನೆಯ ಸಾಕ್ಷಿ ಪಕ್ಕದ ಅಂಗಡಿಯವನು, ನಿಂತಲ್ಲೇ ಗೀಚಿ ಹೋದ.

ಕಚೇರಿಯಲ್ಲಿ ಹೆಚ್ಚು ಜನವಿರಲಿಲ್ಲ. ಕ್ಯಾಮೆರಾದ ಮುಂದೆ ಕೂರಿಸಿ ಇಬ್ಬರ ಫೋಟೋ ಆಯಿತು, ಹೆಬ್ಬೆಟ್ಟಾಯಿತು. ಗುಮಾಸ್ತ ಮಲ್ಲಿಕ್ ಪರದೆ ನೋಡುತ್ತಲೇ ಕೇಳಿದ.

"ಸಾಕ್ಷಿ ಯಾರಮ್ಮ? ನೀವಾ? ಮಾರೋರು ಗೊತ್ತಾ ನಿಮ್ಗೆ?"

'ಗೊತ್ತು ಅಂದ್ರೆ ಸಾಕು' ಎಂದು ಶೋಭಾರಾಣಿ ಮೊದಲ ದಿನವೇ ಕಲಿಸಿದ್ದಳು. ಇನ್ನೂರು ಸಲ ಸಿದ್ದಕ್ಕ ಅಷ್ಟನ್ನೇ ಹೇಳಿದ್ದಳು. ಆದರೆ ಅವರೆಲ್ಲ ಅವಳಿಗೆ ಗೊತ್ತಿಲ್ಲದವರಾಗಿದ್ದರು. ಇವತ್ತು ಮಾತ್ರ ನಿಜವಾಗಿ ಗೊತ್ತಿದ್ದವನು ಸಿಕ್ಕಿದ್ದ.

"ಗೊತ್ತಿಲ್ದೆ ಏನು ಸಾಮಿ. ಚಿಕ್ಕಬೈರಪ್ಪನೋರು. ಕಣ್ ಸರಿ ಇದ್ದಾಗ ಇದೇ ಪೀಜೀಲಿ ಎರಡು ವರ್ಸ ಮೆಟ್ಲು ಒರ್ಸಿವ್ನಿ, ಭಾನುವಾರ ಭಾನುವಾರ. ನಾಕು ಮಾಳಿಗೆ, ಎಂಬತ್ತೆರಡು ಮೆಟ್ಲು. ಆಲು ಬಿದ್ರೂ ಬಳ್ಕೋಬೋದು, ಅಂಗೆ ಒರ್ಸ್ತಿದ್ದೆ."

ಮಲ್ಲಿಕನ ಬೆರಳುಗಳು ನಿಂತವು. ಅವನು ಪರದೆಯನ್ನು ಓದಿದ. ಬೆಲೆಕಟ್ಟುವ ಪುಟ ತೆರೆದೇ ಇತ್ತು. ಆಮೇಲೆ ಚಿಕ್ಕಬೈರಪ್ಪನ ಕಡೆ ನೋಡಿದ.

"ಇವ್ಳು ಪಕ್ಕದ್ದು ಯೋಳ್ತಾವ್ಳೆ ಸಾರ್," ಚಿಕ್ಕಬೈರಪ್ಪ ನಕ್ಕ. "ಸಿಂಗಸಂದ್ರದಾಗೆ ಎಲ್ಲ ಬಿಲ್ಡಿಂಗೂ ಒಂದೇ ಥರ. ನಾನೇ ಒಂದಿನ ಬೇರೆಯೋರ್ ಮನೆಗೆ ವೋಗ್ಬಿಟ್ಟಿದ್ದೆ."

ಮಲ್ಲಿಕನೂ ನಕ್ಕ. ಆದರೆ ಕೀಲಿ ಒತ್ತಲಿಲ್ಲ. "ಪತ್ರ ಬರೆದಿರೋದು ನೀವಲ್ವಾ ಮೇಡಂ? ಯಾವ್ದು ಸರಿ, ನೀವೇ ಹೇಳ್ಬಿಡಿ. ನಾನು ಮುಂದಕ್ಕೆ ಹಾಕ್ತೀನಿ."

ಕೃಷ್ಣಸ್ವಾಮಿ ಫೈಲನ್ನು ಮತ್ತೆ ಎದೆಗವಚಿಕೊಂಡರು. ಚಿಕ್ಕಬೈರಪ್ಪ ಅವಳತ್ತ ನೋಡಲೂ ಇಲ್ಲ, ಅಷ್ಟು ನಂಬಿಕೆ. ಸಿದ್ದಕ್ಕ ಮಾತ್ರ ಅವಳನ್ನೇ ನೋಡುತ್ತಿದ್ದಳು. ಅಕ್ಕ ಈಗ ಸರಿಯಾದದ್ದು ಹೇಳುತ್ತಾಳೆ ಎನ್ನುವ ಹಾಗೆ.

"ಅವಳಿಗೆ ಗೊತ್ತಿಲ್ಲ ಸಾರ್," ಅಂದಳು ಶೋಭಾರಾಣಿ. "ತಪ್ಪು ತಿಳ್ಕೊಂಡಿದಾಳೆ. ಕಣ್ಣು ಬೇರೆ ಸರಿಯಾಗಿ ಕಾಣಲ್ಲ."

ಸಿದ್ದಕ್ಕ ಸೆರಗನ್ನು ಇನ್ನೊಂದು ಸುತ್ತು ಎಳೆದುಕೊಂಡಳು. "ಊಂ ಸಾಮಿ. ನಂಗೇ ತೆಪ್ಪಾಗಿರ್ಬೇಕು."

ಮಲ್ಲಿಕ್ ಕೀಲಿ ಒತ್ತಿದ. ಪ್ರಿಂಟರು ರಸೀದಿಯನ್ನು ಹೊರಗೆ ತಳ್ಳಿತು. ವಸತಿ ನಿಧಿಯ ಸಾಲಿನ ಎದುರಿನ ಅಂಕಿಯನ್ನು ಶೋಭಾರಾಣಿ ನೋಡಲಿಲ್ಲ.

* * *

ಅಂಗಡಿಗೆ ವಾಪಸು ಬಂದಾಗ ಸಿದ್ದಕ್ಕ ಮೆಟ್ಟಿಲ ಮೇಲೆ ನಿಂತು ಕಾಯುತ್ತಿದ್ದಳು, ಒಳಗೆ ಬಂದಿರಲಿಲ್ಲ.

"ಅಕ್ಕ, ನಿಮಗೆ ತಲೆ ತಗ್ಗಿಸೋ ಅಂಗೆ ಮಾಡ್ಬಿಟ್ಟೆ."

"ಏನಿಲ್ಲ ಬಿಡು."

"ಇಲ್ಲ, ನೀವು ಗೊತ್ತು ಅಂತ ಮಾತ್ರ ಅನ್ನು ಅಂತ ಯೋಳ್ಕೊಟ್ಟಿದ್ರಿ. ನಂದೇ ಬಾಯಿ. ಪರಿಚಯದೋರು ಅಂತ ಒಂದು ಮಾತು ಜಾಸ್ತಿ ಆಡ್ಬಿಟ್ಟೆ. ದೊಡ್ಡೋರ ಮುಂದೆ ನಿಮ್ಮ ಕೆಲ್ಸ ಕೆಡ್ತಿತ್ತು." ಅವಳು ಒಂದು ಹೆಜ್ಜೆ ಒಳಗಿಟ್ಟು, ಚಿಕ್ಕಬೈರಪ್ಪ ಕೊಟ್ಟ ನೂರರ ನೋಟನ್ನು ಮೇಜಿನ ಮೇಲೆ ಇಟ್ಟಳು. "ಇದು ನಂಗ್ ಬ್ಯಾಡ."

"ಸಿದ್ದಕ್ಕ, ತಗೋ. ನಿನ್ನ ತಪ್ಪೇನೂ ಇಲ್ಲ."

ತಪ್ಪು ನನ್ನದು ಎಂಬ ಮಾತು ಅದರ ಬೆನ್ನಿಗೇ ಬರಬೇಕಿತ್ತು. ಬರಲಿಲ್ಲ. ಸಿದ್ದಕ್ಕ ಸ್ವಲ್ಪ ಹೊತ್ತು ಅದಕ್ಕೇ ಕಾಯುತ್ತಿದ್ದಂತೆ ನಿಂತಿದ್ದಳೋ, ಅಥವಾ ಶೋಭಾರಾಣಿಗೆ ಹಾಗನ್ನಿಸಿತೋ. ಆಮೇಲೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಹೊರಟುಹೋದಳು. ಸಹಿಗೆ ಬಂದಾಗ ಇಟ್ಟಿದ್ದ ಫ್ಲಾಸ್ಕು ಮೂಲೆಯಲ್ಲೇ ಉಳಿದುಬಿಟ್ಟಿತು.

ಅದಾದ ಮೇಲೆ ಶೋಭಾರಾಣಿ ಎರಡು ಪತ್ರ ಬರೆಯಬೇಕಿತ್ತು, ಬರೆಯಲಿಲ್ಲ. ಐದು ಗಂಟೆಗೆ ಫ್ಲಾಸ್ಕು ತೊಳೆದು, ನೋಟನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡು ಹೊರಟಳು. ಸಿದ್ದಕ್ಕನ ವಿಳಾಸ ಅವಳಿಗೆ ಬಾಯಿಪಾಠ. ಅರ್ಜಿಯಲ್ಲಿ, ಆಧಾರ್ ನಕಲಿನಲ್ಲಿ, ಇನ್ನೂರು ಪತ್ರಗಳ ಕೊನೆಯಲ್ಲಿ ಬರೆದಿದ್ದಳು. ಹೋದದ್ದು ಮಾತ್ರ ಅದೇ ಮೊದಲು. ಅಂಗಡಿಯಿಂದ ನಡೆದರೆ ಹನ್ನೆರಡು ನಿಮಿಷ.

ಎರಡು ದೊಡ್ಡ ಕಟ್ಟಡಗಳ ನಡುವಿನ ಸಂದಿಯಲ್ಲಿ ಸಾಲಾಗಿ ಆರು ಕೋಣೆ. ಮಾಲಾ ಬಾಗಿಲಲ್ಲಿ ಕೂತು ತಲೆಗೂದಲು ಒಣಗಿಸುತ್ತಿದ್ದಳು. ಇಪ್ಪತ್ತೆರಡರ ಹುಡುಗಿ, ತಾಯಿ ಬಿಟ್ಟ ಗಾರ್ಮೆಂಟ್ಸಿನಲ್ಲೇ ಈಗ ಬಟ್ಟೆ ಪರೀಕ್ಷಿಸುವ ಕೆಲಸ. ಎದ್ದು ನಿಂತಳು.

"ಅಮ್ಮ ನೀರಿಗೆ ಹೋಗಿದಾಳೆ ಆಂಟಿ. ಬನ್ನಿ."

ಒಳಗೆ ಕಾಲಿಟ್ಟ ಕೂಡಲೇ ಮೇಲಿನಿಂದ ಕಾವು ಇಳಿಯಿತು. ಸಿಮೆಂಟ್ ಷೀಟು. ಕೆಳಗೆ ಕೆಂಪು ಆಕ್ಸೈಡ್ ನೆಲ, ಉಜ್ಜಿ ಉಜ್ಜಿ ಕಪ್ಪಾಗಿ ಹೊಳೆಯುತ್ತಿತ್ತು. ಒಂದು ಬಾಗಿಲು, ಒಂದು ಕಿಟಕಿ. ಬಾಗಿಲಿನ ಹಲಗೆ ಮಳೆ ಕುಡಿದು ಕೆಳಗೆ ಉಬ್ಬಿತ್ತು. ಯಾವುದೋ ಕಾಡುಮರ. ಒಂದು ಬಲ್ಬು. ಹತ್ತಡಿಗೆ ಹತ್ತಡಿ ಇರಬಹುದು, ಅಡಿಗೆಕಟ್ಟೆಯೂ ಅದರಲ್ಲೇ ಸೇರಿ. ಶೋಭಾರಾಣಿಗೆ ಆ ಕೋಣೆಯಲ್ಲಿ ಹೊಸದೆನ್ನುವುದು ಒಂದೂ ಕಾಣಲಿಲ್ಲ. ಸಾಲುಸಾಲಾಗಿ ಎಲ್ಲ ಗೊತ್ತಿತ್ತು. ಹತ್ತೊಂಬತ್ತು ವರ್ಷ ಎಲ್ಲರ ಮನೆಗೂ ಅಂಟಿಸಿದ್ದು ಈ ಮನೆಯನ್ನು.

ಕುರ್ಚಿ ಇರಲಿಲ್ಲ. ಮಾಲಾ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಟವೆಲು ಹಾಸಿದಳು. ಶೋಭಾರಾಣಿ ಕೂರಲಿಲ್ಲ. ಫ್ಲಾಸ್ಕು ಕಟ್ಟೆಯ ಮೇಲಿಟ್ಟಳು. ಅದರ ಕೆಳಗೆ ನೂರರ ನೋಟನ್ನು ಸಿಕ್ಕಿಸಿದಳು.

"ಬೆಳಿಗ್ಗೆ ಆ ನೋಟೀಸ್ ಓದಿ ಹೇಳಿದ್ರಂತೆ," ಮಾಲಾ ಅಂದಳು.

"ಹೂಂ."

"ಪೂರ್ತಿ ಓದಿದ್ರಾ ಆಂಟಿ?"

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಬಟ್ಟೆಯಲ್ಲಿ ಹೊಲಿಗೆ ಬಿಟ್ಟ ಜಾಗವನ್ನು ಬೆರಳಿಟ್ಟು ತೋರಿಸುವವರ ಹಾಗೆ ಕೇಳಿದಳು.

"ನಾನು ಓದ್ದೆ," ಮಾಲಾ ಮುಂದುವರಿಸಿದಳು. "ಷೀಟ್ ಮನೆ ಅಂತ ಇತ್ತಲ್ಲ, ಅದು. ಅಮ್ಮ ಸೈನ್ ಹಾಕೋ ಪೇಪರ್ ಒಂದ್ಸಲ ನೋಡಿದ್ದೆ, ಅಂಗಡೀಲಿ ಟೀ ಕೊಡೋಕ್ಕೆ ಬಂದಾಗ. ಅದಕ್ಕೇ ಅಮ್ಮಂಗೆ ನಾನು ಓದ್ಲಿಲ್ಲ. ನಾನು ಓದಿದ್ರೆ, ನನ್ನ ಸೈನಿಂದಾನೇ ನನ್ನ ಮನೆ ಹೋಯ್ತಾ ಅಂತ ಕೇಳ್ತಾಳೆ. ಏನ್ ಹೇಳ್ಲಿ? ಸೈನ್ ಹಾಕೋದು ಅಂದ್ರೆ ಅವಳಿಗೆ ಎಷ್ಟು ಖುಷಿ ಗೊತ್ತಲ್ಲ. ಆಂಟಿ ಆದ್ರೆ ಏನೋ ಒಂದು ಹೇಳ್ತಾರೆ ಅನ್ಕೊಂಡೆ."

"ಮಾಲಾ, ಅದು ಒಬ್ರಿಂದ ಆಗೋದಲ್ಲ. ಎಲ್ಲ ಅಂಗಡೀಲೂ..."

"ಗೊತ್ತು ಆಂಟಿ. ನಮ್ಮ ಲೈನಲ್ಲೂ ಹಂಗೇ. ಡಿಫೆಕ್ಟ್ ಪೀಸ್ ಪಾಸ್ ಮಾಡಿದ್ಯಾರು ಅಂದ್ರೆ ಎಲ್ರೂ ಅಂತಾರೆ." ಅವಳು ಸ್ವಲ್ಪ ನಕ್ಕಳು ಕೂಡ. "ಅಮ್ಮಂಗೆ ಹೇಳ್ಬೇಡಿ ಅಷ್ಟೆ. ಇವತ್ತು ಆಫೀಸಲ್ಲಿ ನಿಮ್ಗೆ ಅವಮಾನ ಮಾಡಿಬಿಟ್ಟೆ ಅಂತ ಊಟಾನೂ ಮಾಡಿಲ್ಲ."

ಸಂದಿಯ ಆ ತುದಿಯಲ್ಲಿ ಕೊಡ ಇಳಿಸುವ ಸದ್ದಾಯಿತು. ಸಿದ್ದಕ್ಕನ ಮುಂದೆ ಈ ಕೋಣೆಯೊಳಗೆ ನಿಲ್ಲುವುದು ತನ್ನಿಂದಾಗದು ಎನ್ನಿಸಿ ಶೋಭಾರಾಣಿ ಚಪ್ಪಲಿ ಮೆಟ್ಟಿ ಇನ್ನೊಂದು ಕಡೆಯಿಂದ ಹೊರಟಳು. ಹಾಗೆ ಓಡಿಬಂದದ್ದನ್ನು ಹುಡುಗಿ ನೋಡಿದಳು ಎಂಬುದೂ ಅವಳಿಗೆ ಗೊತ್ತಿತ್ತು.

* * *

ಅಂಗಡಿಗೆ ಮರಳಿದಾಗ ಶಟರು ಎಳೆದು ಮನೆಗೆ ಹೋಗುವುದಷ್ಟೇ ಉಳಿದಿತ್ತು. ಆದರೆ ಅವಳು ಒಳಗೆ ಹೋಗಿ ಕಬ್ಬಿಣದ ಬೀರುವಿನ ಕೆಳಗಿನ ಅರೆಯಿಂದ ತನ್ನದೇ ಪತ್ರವನ್ನು ತೆಗೆದಳು. ಎರಡು ವರ್ಷದ ಹಿಂದೆ, ಗೋಪಾಲಪ್ಪನ ಪಾಲಿನ ಹೊಲ ಲೇಔಟಿಗೆ ಹೋದ ಹಣದಲ್ಲಿ ಆಂಜಿನಪ್ಪ ಎಂಬವರಿಂದ ಕೊಂಡ ಕಟ್ಟಡ. ಮೂರು ಅಂತಸ್ತು, ಕೆಳಗೆ ತಾವು, ಮೇಲೆ ಬಾಡಿಗೆಯವರು. ಕ್ರಯ ಅವಳ ಹೆಸರಿಗೇ ಆಗಿತ್ತು. 'ನಮ್ಮವಳೇ ಬರೆಯೋಳು, ನಮ್ಮವಳದೇ ಮನೆ' ಎಂದು ಗೋಪಾಲಪ್ಪ ಎಲ್ಲರೆದುರು ಹೇಳಿದ್ದ. ಆವತ್ತು ಬೆರಳು ಒಂದು ಕ್ಷಣ ತಡೆದದ್ದು ಅವಳಿಗೆ ನೆನಪಿದೆ. 'ಎಲ್ರೂ ಕಟ್ಟದೆ ಇರೋದನ್ನ ನೀನೊಬ್ಳು ಕಟ್ಟಿ ಯಾರನ್ನ ಉದ್ಧಾರ ಮಾಡ್ತೀಯ' ಎಂದ ಮೇಲೆ ಪ್ಯಾರಾ ಅಂಟಿಸಿದ್ದಳು.

ಕೊನೆಯ ಹಾಳೆ ತಿರುವಿದಳು. ಸಾಕ್ಷಿಗಳು. ಮೊದಲನೆಯದೇ ಸಿದ್ದಕ್ಕನ ಸಹಿ. ಸಿದ್ದಕ್ಕ ಜೀವನದಲ್ಲಿ ಮೊದಲು ಹಾಕಿದ ಸಹಿ ಅದು. ಅಕ್ಷರಗಳು ಗೆರೆ ಬಿಟ್ಟು ಮೇಲೇರಿದ್ದವು, 'ದ್ದ'ದ ಮೇಲೆ ಪೆನ್ನು ಒತ್ತಿ ಹಾಳೆ ಸ್ವಲ್ಪ ಹರಿದಿತ್ತು. ಸಹಿ ಹಾಕಿ, ಹೊಸ ಮನೆಗೆ ಒಳ್ಳೆಯದಾಗಲಿ ಅಂತ ಪತ್ರಕ್ಕೆ ಕೈಮುಗಿದಿದ್ದಳು. ಆ ದಿನದ ನೂರು ರೂಪಾಯಿಯನ್ನು ಮಾತ್ರ ತಗೊಂಡಿರಲಿಲ್ಲ.

ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಪತ್ರ ಎಂದು ಅವಳು ಲೆಕ್ಕ ಹಾಕಲು ಹೋಗಲಿಲ್ಲ. ಅವು ಬೇರೆಯವರ ಮನೆಗಳು, ಬೇರೆಯವರ ಪತ್ರಗಳು, ಅವುಗಳನ್ನು ಬಿಚ್ಚುವ ಹಕ್ಕು ತನಗಿಲ್ಲ ಎನ್ನುವುದು ನಿಜವೋ, ತಪ್ಪಿಸಿಕೊಳ್ಳುವ ಇನ್ನೊಂದು ದಾರಿಯೋ ಅವಳಿಗೇ ಸ್ಪಷ್ಟವಿರಲಿಲ್ಲ. ಇದೊಂದು ಮಾತ್ರ ತನ್ನದು. ಇದಕ್ಕೆ ಬೇರೆಯವರ ಸಹಿ ಬೇಡ.

ಕಂಪ್ಯೂಟರ್ ಹಾಕಿದಳು. ಜಿಲ್ಲಾ ನೋಂದಣಾಧಿಕಾರಿಯವರಿಗೆ ಎಂದು ಶುರು ಮಾಡಿದಳು. 'ನಾನು ಖರೀದಿಸಿದ ಸ್ವತ್ತಿನ ವಿವರವನ್ನು ನಾನೇ ತಪ್ಪಾಗಿ ಬರೆದಿರುತ್ತೇನೆ. ಸ್ಥಳ ಪರಿಶೀಲಿಸಿ, ಬಾಕಿ ಬೀಳುವ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಹಾಗೂ ವಸತಿ ನಿಧಿಯ ಮೊತ್ತವನ್ನು ದಂಡ ಸಮೇತ ಕಟ್ಟಿಸಿಕೊಳ್ಳಬೇಕೆಂದು ಕೋರುತ್ತೇನೆ.' ಇಂಥ ಅರ್ಜಿಯನ್ನು ಈ ಬೀದಿಯಲ್ಲಿ ಯಾರೂ ಬರೆದದ್ದಿಲ್ಲ. ಮಾದರಿ ಇರಲಿಲ್ಲ, ಹಾಗಾಗಿ ಒಂದೊಂದು ಪದವನ್ನೂ ಹುಡುಕಿ ಬರೆಯಬೇಕಾಯಿತು. 'ತಪ್ಪಾಗಿ' ಎಂಬಲ್ಲಿ ನಿಂತಳು. ಅಳಿಸಿ 'ಗೊತ್ತಿದ್ದೂ ತಪ್ಪಾಗಿ' ಎಂದು ಮಾಡಿದಳು.

ಇದು ಹೋದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಪತ್ರ ಬರೆದವರ ಹೆಸರು ಕೇಳುತ್ತಾರೆ. ಪರವಾನಗಿ ಹೋಗಬಹುದು. ಬೀದಿಯವರು ಮಾತು ಬಿಡುತ್ತಾರೆ, ಚಿಕ್ಕಬೈರಪ್ಪ ಮನೆಗೆ ಬಂದು ಗೋಪಾಲಪ್ಪನ ಮುಂದೆ ಕೂಗಾಡುತ್ತಾನೆ. ಅವಳ ಹೆಸರಿನ ಠೇವಣಿ ಮುರಿಯಬೇಕು. ಇಷ್ಟೆಲ್ಲ ಆದರೂ ಸಿದ್ದಕ್ಕನಿಗೆ ಮನೆ ಬರುವುದಿಲ್ಲ. ಈ ಬಾಕಿ ಹಣದಲ್ಲಿ ಆ ಮನೆಯ ಒಂದು ಗೋಡೆಯೂ ಏಳುವುದಿಲ್ಲ, ಒಂದು ಬಾಗಿಲು ಬಂದರೆ ಹೆಚ್ಚು.

ಕಟ್ಟಡದ ವಿವರದ ಜಾಗಕ್ಕೆ ಬಂದಾಗ ಕೈ ತಾನಾಗಿ ಹಳೆಯ ಫೈಲಿನ ಕಡೆ ಹೋಯಿತು. ಹಿಂದಕ್ಕೆ ತೆಗೆದುಕೊಂಡಳು. ಮೂರು ಅಂತಸ್ತು, ಆರ್‌ಸಿಸಿ ಮಾಳಿಗೆ, ಗ್ರಾನೈಟ್ ನೆಲ ಎಂದು ಬರೆದಳು. ತೇಗದ ಬಾಗಿಲು ಎಂಟು. ಕಿಟಕಿ? ಎಷ್ಟಿವೆ ಎಂದು ಅವಳಿಗೆ ನೆನಪಾಗಲಿಲ್ಲ. ಎರಡು ವರ್ಷದಿಂದ ಅದೇ ಮನೆಯಲ್ಲಿದ್ದಳು, ದಿನಾ ತೆರೆದು ಮುಚ್ಚಿದ್ದಳು. ಆ ಜಾಗವನ್ನು ಖಾಲಿ ಬಿಟ್ಟು ಸೇವ್ ಒತ್ತಿದಳು, ಎರಡು ಸಲ.

ಮನೆ ತಲುಪುವಾಗ ಇನ್ನೂ ಬೆಳಕಿತ್ತು. ಕಂಪನಿ ಬಸ್ಸುಗಳು ಒಂದರ ಹಿಂದೆ ಒಂದು ತಿರುಗುತ್ತಿದ್ದವು. ಶೋಭಾರಾಣಿ ಗೇಟು ತೆಗೆಯದೆ ಎದುರಿನ ಕಂಬದ ಪಕ್ಕ ನಿಂತು ತಲೆಯೆತ್ತಿದಳು. ಮೇಲಿನ ಅಂತಸ್ತಿನಲ್ಲಿ ನಾಲ್ಕು ಕಿಟಕಿ. ನಡುವೆ ನಾಲ್ಕು, ಬಚ್ಚಲಿನದು ಸೇರಿ ಐದು.

ಗೋಪಾಲಪ್ಪ ಮೊದಲನೆಯ ಮಹಡಿಯ ಬಾಲ್ಕನಿಯಲ್ಲಿ ಬಾಡಿಗೆಯವರ ಜೊತೆ ನಲ್ಲಿಯ ವಿಷಯ ಮಾತಾಡುತ್ತಿದ್ದವನು ಬಗ್ಗಿ ನೋಡಿದ.

"ಏನೇ, ಅಲ್ಲಿ ನಿಂತ್ಕೊಂಡು ಏನ್ ನೋಡ್ತಿದೀಯ? ಯಾರ್ದೋ ಮನೆ ನೋಡ್ದಂಗೆ."

"ಏನಿಲ್ಲ," ಅಂದಳು. "ಬಂದೆ."

ಹಿಂಭಾಗದ್ದು ಎಣಿಸಲು ಅವಳು ಓಣಿಯ ಕಡೆ ತಿರುಗಿದಳು.